ದೀಪಾವಳಿಗೆ ಅನುದಾನ ಸಾಕೇ? ಜನಾಂಗೀಯ ತಾರತಮ್ಯದ ವಿಷಯದಲ್ಲಿ ನಗರಸಭೆ, ಪಾಲಿಕೆಗಳಿಂದ ಏನು ಕೇಳಬೇಕು

ಹೇಮೆಯ ದಡ (ಲೆಸ್ಟರ್, ಇಂಗ್ಲೆಂಡ್)

ನಮ್ಮ ಕನ್ನಡ ಬಳಗದ ಸಭೆಗೆ ಸದ್ಯದಲ್ಲೇ ಕೌನ್ಸಿಲ್ (ಇಲ್ಲಿನ ನಗರಸಭೆ) ಚುನಾವಣೆಯ ಅಭ್ಯರ್ಥಿಗಳು ಬರುವವರಿದ್ದಾರೆ. ಅವರ ಮುಂದಿಡಬೇಕಾದ ಬೇಡಿಕೆಗಳ ಪಟ್ಟಿ ಮಾಡುತ್ತಿದ್ದೇವೆ. ಇದುವರೆಗೆ ಬಂದಿರುವುದು ಎರಡು: ದೀಪಾವಳಿಗೆ ಹೆಚ್ಚಿನ ಅನುದಾನ, ರಾಜ್ಯೋತ್ಸವಕ್ಕೆ ಸಭಾಂಗಣದ ಬಾಡಿಗೆಯಲ್ಲಿ ರಿಯಾಯಿತಿ. ಎರಡೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಈ ಊರಿನ ಚರಿತ್ರೆ ಗೊತ್ತಿದ್ದವರು ಅಷ್ಟಕ್ಕೇ ಸುಮ್ಮನಾಗಬಾರದು ಎನ್ನುವುದು ನನ್ನ ಅಭಿಪ್ರಾಯ.

1972ರ ಆಗಸ್ಟ್‌ನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅವರಲ್ಲಿ ಹಲವರ ಬಂಧುಗಳು ಅದಾಗಲೇ ಲೆಸ್ಟರ್‌ನ ಹೊಸೈರಿ ಮತ್ತು ಪಾದರಕ್ಷೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಜನ ಇಲ್ಲಿಗೇ ಬರುತ್ತಾರೆಂದು ಗೊತ್ತಾದ ಕೂಡಲೇ ಲೆಸ್ಟರ್ ಕೌನ್ಸಿಲ್ ಏನು ಮಾಡಿತು ಗೊತ್ತೇ? ಸೆಪ್ಟೆಂಬರ್‌ನಲ್ಲಿ 'ಉಗಾಂಡಾ ಆರ್ಗಸ್' ಪತ್ರಿಕೆಗೆ ಹಣ ಕೊಟ್ಟು ಜಾಹೀರಾತು ಹಾಕಿಸಿತು. ಸಾವಿರಾರು ಕುಟುಂಬಗಳು ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಾಗಿ ಸರದಿಯಲ್ಲಿವೆ, ಶಾಲೆಗಳಲ್ಲಿ ಜಾಗವಿಲ್ಲ, ಆರೋಗ್ಯ ಸೇವೆಯ ಮೇಲೆ ವಿಪರೀತ ಒತ್ತಡವಿದೆ, ಆದ್ದರಿಂದ ನಿಮ್ಮ ಮತ್ತು ನಿಮ್ಮ ಕುಟುಂಬದ ಹಿತದೃಷ್ಟಿಯಿಂದ ಲೆಸ್ಟರ್‌ಗೆ ಬರಬೇಡಿ ಎಂಬುದು ಅದರ ಸಾರಾಂಶ. ಒಂದೇ ಒಂದು ಬೈಗುಳವಿಲ್ಲ. ಚರ್ಮದ ಬಣ್ಣದ ಸುದ್ದಿಯೇ ಇಲ್ಲ. ಬಹಳ ಸಭ್ಯವಾದ ಗದ್ಯ.

ಜನ ಬಂದೇ ಬಂದರು. ಆ ಜಾಹೀರಾತು ನೋಡಿಯೇ ಲೆಸ್ಟರ್ ಎಂಬ ಊರಿದೆ ಎಂದು ತಿಳಿದವರೂ ಇದ್ದರು ಎಂದು ಇಲ್ಲಿನ ಹಿರಿಯ ಗುಜರಾತಿಗಳು ನಗುತ್ತಾ ಹೇಳುತ್ತಾರೆ. 2021ರ ಜನಗಣತಿಯ ಪ್ರಕಾರ ನಗರದಲ್ಲಿ ಏಷ್ಯಾ ಮೂಲದವರು ಶೇ 43, ಬಿಳಿಯರು ಶೇ 41. ಈಗ ಅದೇ ಕೌನ್ಸಿಲ್ ಬೆಲ್‌ಗ್ರೇವ್ ರಸ್ತೆಯ ದೀಪಾವಳಿಯನ್ನು ನಗರದ ಹೆಮ್ಮೆ ಎಂದು ಪ್ರಚಾರ ಮಾಡುತ್ತದೆ.

ನನ್ನ ಪ್ರಶ್ನೆ ಇಷ್ಟೇ. 'ಬರಬೇಡಿ' ಎಂದಿದ್ದ ಕೌನ್ಸಿಲ್ 'ಬನ್ನಿ' ಎನ್ನುವಂತಾಗಲು ಕಾರಣವೇನು? ಅದು ತಿಳಿದರೆ ಅಭ್ಯರ್ಥಿಗಳಿಂದ ಏನು ಕೇಳಬೇಕೆಂಬುದೂ ತಿಳಿಯುತ್ತದೆ.

ಹಳೇ ಕಡತ (ದಾವಣಗೆರೆ)

ಮೇಡಂ, ನಾನು ನಗರಸಭೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸ್ಥಳೀಯ ಸಂಸ್ಥೆ ಎಂದರೆ ನೀರು, ಚರಂಡಿ, ಬೀದಿದೀಪ, ಖಾತೆ, ಕಂದಾಯ. ಇವನ್ನೇ ನೆಟ್ಟಗೆ ಮಾಡಲಾಗದೆ ಒದ್ದಾಡುವವರಿಗೆ ಜನರ ಮನಸ್ಸು ತಿದ್ದುವ ಕೆಲಸವನ್ನೂ ಹೊರಿಸುತ್ತೀರಾ? ದ್ವೇಷ ಕಾರಿದವರನ್ನು ಹಿಡಿಯಲು ಪೊಲೀಸರಿದ್ದಾರೆ, ಶಿಕ್ಷಿಸಲು ನ್ಯಾಯಾಲಯವಿದೆ. ಉಳಿದದ್ದು ಮನೆ ಮತ್ತು ಶಾಲೆಗಳಿಗೆ ಬಿಟ್ಟದ್ದು. ನಗರಸಭೆ ಸಮಾನತೆಯ ಫಲಕ ಹಾಕಿದರೆ ಅದರ ಗುತ್ತಿಗೆ ಯಾರಿಗೆ ಸಿಗುತ್ತದೆ ಎನ್ನುವುದಷ್ಟೇ ಚರ್ಚೆಯಾಗುತ್ತದೆ.

ಹೇಮೆಯ ದಡ (ಲೆಸ್ಟರ್)

ಫಲಕದ ಗುತ್ತಿಗೆಯ ಬಗ್ಗೆ ನೀವು ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ ಸರ್. ಆದರೆ ನಾನು ಮನಸ್ಸು ತಿದ್ದುವ ಮಾತು ಆಡುತ್ತಿಲ್ಲ. ನೀರು, ಮನೆ, ಕೆಲಸ ಯಾರಿಗೆ ಮೊದಲು ಸಿಗುತ್ತದೆ ಎಂಬ ಮಾತು ಆಡುತ್ತಿದ್ದೇನೆ. ಅದು ನಿಮ್ಮ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿತ್ತಲ್ಲವೇ?

ನಾನು ಇಲ್ಲಿನ ಒಂದು ಕೌನ್ಸಿಲ್‌ನ ವಸತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಾವ ಕೌನ್ಸಿಲ್ ಎಂಬುದು ಬೇಡ. ಹೊಸಬರಿಗೆ ತರಬೇತಿ ಕೊಡುವಾಗ ನಾವು ಹಳೆಯ ಕಥೆಗಳನ್ನು ಹೇಳಿಯೇ ಶುರುಮಾಡುತ್ತೇವೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ 1960ರ ದಶಕದಲ್ಲಿ ಒಂದು ನಿಯಮವಿತ್ತು. ನಗರದಲ್ಲಿ ಐದು ವರ್ಷ ವಾಸವಿದ್ದವರಿಗೆ ಮಾತ್ರ ಕೌನ್ಸಿಲ್ ಮನೆಯ ಪಟ್ಟಿಯಲ್ಲಿ ಹೆಸರು ಸೇರಿಸಲು ಅರ್ಹತೆ. ಬಿಳಿಯರಿಗೂ ಕರಿಯರಿಗೂ ಒಂದೇ ನಿಯಮ. ಆದರೆ ಜಮೈಕಾದಿಂದ, ಪಂಜಾಬಿನಿಂದ ನಿನ್ನೆ ಮೊನ್ನೆ ಬಂದವರು ಯಾರು? ಐದು ವರ್ಷ ಕಳೆದು ಅರ್ಜಿ ಹಾಕಿದರೂ ಮುಗಿಯಲಿಲ್ಲ. ಕೌನ್ಸಿಲ್‌ನಿಂದ ಒಬ್ಬ ಸಂದರ್ಶಕ ಮನೆಗೆ ಬಂದು ಅಡುಗೆಮನೆ, ಹಾಸಿಗೆ, ನೆಲ ಎಲ್ಲವನ್ನೂ ನೋಡಿ, ಈ ಕುಟುಂಬ 'ಎಂಥ ಮನೆಗೆ ಯೋಗ್ಯ' ಎಂದು ದರ್ಜೆ ಬರೆದು ಹೋಗುತ್ತಿದ್ದ. ಒಂದೇ ಕೋಣೆಯಲ್ಲಿ ಐದಾರು ಜನ ಬಾಡಿಗೆಗಿದ್ದವರಿಗೆ ಯಾವ ದರ್ಜೆ ಸಿಕ್ಕಿರಬಹುದೆಂದು ಊಹಿಸಿ. ಕೆಡವಲು ಕಾದಿರುವ ಹಳೆಯ ಮನೆಗಳು ಅವರ ಪಾಲಿಗೆ ಬಂದವು.

ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಇಷ್ಟು ನಾಜೂಕೂ ಇರಲಿಲ್ಲ. ಮಾರ್ಷಲ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಖಾಲಿಯಾದ ಮನೆಗಳನ್ನು ಕೌನ್ಸಿಲ್ಲೇ ಕೊಂಡು ಬಿಳಿಯರಿಗೆ ಮಾತ್ರ ಕೊಡುವ ಯೋಜನೆ ಹಾಕಿತ್ತು. ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿಯಲ್ಲಿ ಆ ಬೀದಿಯಲ್ಲಿ ಬಂದು ನಡೆದಾಡಿದರು. ಅದಾಗಿ ಒಂಬತ್ತು ದಿನಗಳಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಹತ್ಯೆಯಾಯಿತು. ಯೋಜನೆ ನಿಂತದ್ದು ಅದಕ್ಕೆ ಬೇಕಾದ ಸಾಲಕ್ಕೆ ವಸತಿ ಸಚಿವ ರಿಚರ್ಡ್ ಕ್ರಾಸ್‌ಮನ್ ಒಪ್ಪಿಗೆ ಕೊಡದ ಕಾರಣಕ್ಕೆ. ಭಾಷಣಕ್ಕಿಂತ ಹಣದ ಕಡತ ಗಟ್ಟಿ.

ಇನ್ನು ಲಂಡನ್ನಿನ ಹ್ಯಾಕ್ನಿ. ಅಲ್ಲಿ ತಾರತಮ್ಯದ ನಿಯಮವೇ ಇರಲಿಲ್ಲ. ಆದರೂ ಜನಾಂಗೀಯ ಸಮಾನತಾ ಆಯೋಗ ಕಡತಗಳನ್ನು ತರಿಸಿಕೊಂಡು ಎಣಿಸಿ ನೋಡಿದಾಗ, ಒಂದೇ ಬಗೆಯ ಅಗತ್ಯವಿದ್ದ ಎರಡು ಕುಟುಂಬಗಳಲ್ಲಿ ಬಿಳಿಯರಿಗೆ ಹೊಸ ಮನೆ, ಕರಿಯರಿಗೆ ಹಳೆಯ ಕಟ್ಟಡದ ಮೇಲಿನ ಮಹಡಿ ಹೋಗುತ್ತಿದ್ದುದು ಬಯಲಾಯಿತು. ವರದಿ ಬಂದದ್ದು 1984ರಲ್ಲಿ. ಒಬ್ಬ ಅಧಿಕಾರಿಯೂ 'ನಾನು ತಾರತಮ್ಯ ಮಾಡುತ್ತೇನೆ' ಎಂದುಕೊಂಡಿರಲಿಲ್ಲ. 'ಇವರಿಗೆ ಅಲ್ಲಿ ಹೊಂದಿಕೆಯಾಗುತ್ತದೆ' ಎಂದುಕೊಂಡಿದ್ದರು, ಅಷ್ಟೇ.

ಈಗ ನಾವು ಯಾರಿಗೆ ಯಾವ ಮನೆ, ಎಷ್ಟನೇ ಮಹಡಿ, ಎಷ್ಟು ತಿಂಗಳ ಕಾಯುವಿಕೆ ಎಂಬ ಪಟ್ಟಿಯನ್ನು ಅರ್ಜಿದಾರರ ಜನಾಂಗದ ಪ್ರಕಾರ ತೆಗೆಯುತ್ತೇವೆ. ಬೇಸರದ ಕೆಲಸ. ಆದರೆ ಆ ಪಟ್ಟಿ ಮೇಜಿನ ಮೇಲಿದ್ದಾಗ ಸಭೆಯಲ್ಲಿ ಯಾರೂ 'ನಮ್ಮಲ್ಲಿ ಅಂಥದ್ದೇನೂ ಇಲ್ಲ' ಎಂದು ಎದ್ದು ಹೋಗುವಂತಿಲ್ಲ.

ಕಿತ್ತಳೆ ತೋಟ (ಬ್ರಿಸ್ಟಲ್)

ನೌಕರಿಯ ಕಥೆಯೂ ಇದೇ. ಬ್ರಿಸ್ಟಲ್‌ನ ಬಸ್ ಕಂಪನಿ 1963ರವರೆಗೆ ಕರಿಯರನ್ನಾಗಲೀ ಏಷ್ಯನ್ನರನ್ನಾಗಲೀ ಚಾಲಕ, ನಿರ್ವಾಹಕರಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಗೈ ಬೇಯ್ಲಿ ಎಂಬ ಯುವಕ ಸಂದರ್ಶನಕ್ಕೆ ಹೋದಾಗ ಕರಿಯನೆಂದು ತಿಳಿದ ಕೂಡಲೇ ವಾಪಸ್ ಕಳುಹಿಸಿದರು. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮುಂತಾದವರು ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ನಾಲ್ಕು ತಿಂಗಳ ಹೋರಾಟ. ಕಂಪನಿ ಮಣಿದದ್ದು ಆಗಸ್ಟ್ 28ರಂದು, ಅದೇ ದಿನ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರಸಿದ್ಧ ಭಾಷಣ ನಡೆಯಿತು. ಮುಂದಿನ ತಿಂಗಳು ನಿರ್ವಾಹಕನಾಗಿ ಮೊದಲು ಕೆಲಸಕ್ಕೆ ಸೇರಿದ ಬಿಳಿಯನಲ್ಲದವನು ರಘಬೀರ್ ಸಿಂಗ್ ಎಂಬ ಸಿಖ್.

ಇದರಲ್ಲಿ ನನಗೆ ಕಹಿ ಎನಿಸುವುದು ಕಾರ್ಮಿಕ ಸಂಘದ ಪಾತ್ರ. ನಿಷೇಧಕ್ಕೆ ಬೆಂಬಲವಾಗಿ ನಿಂತವರಲ್ಲಿ ಸಂಘದ ಸದಸ್ಯರೂ ಇದ್ದರು. ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯಲ್ಲಿ 1974ರಲ್ಲಿ ಏಷ್ಯನ್ ಕಾರ್ಮಿಕರು ಬೋನಸ್ ತಾರತಮ್ಯದ ವಿರುದ್ಧ ಮುಷ್ಕರ ಹೂಡಿದಾಗಲೂ ಸಂಘ ಕೈಕೊಟ್ಟಿತು. ಬಡವರೆಲ್ಲ ತಾವಾಗಿಯೇ ಒಂದಾಗುತ್ತಾರೆ ಎಂದು ನಂಬಿ ಕೂರಬೇಡಿ.

ತೊಗರಿ ನಾಡು (ಕಲಬುರಗಿ)

ಎಲ್ಲರೂ ಕಷ್ಟದ ಕಥೆಯನ್ನೇ ಹೇಳುತ್ತಿದ್ದೀರಿ. ನಮ್ಮ ಕಲಬುರಗಿಯ ಡಾ. ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆಗಿದ್ದವರು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಪ್ರಯತ್ನದಿಂದ, 2015ರ ನವೆಂಬರ್ 14ರಂದು ಪ್ರಧಾನಿಯವರೇ ಅನಾವರಣ ಮಾಡಿದರು. ನಮ್ಮವರು ಆ ಕುರ್ಚಿಯಲ್ಲಿ ಕೂರುವುದು ಸಮಾನತೆಯಲ್ಲದೆ ಮತ್ತೇನು?

ಹೇಮೆಯ ದಡ (ಲೆಸ್ಟರ್)

ಹೆಮ್ಮೆ ನನಗೂ ಇದೆ ಅಣ್ಣಾ, ಲಂಡನ್‌ಗೆ ಹೋದಾಗ ಪ್ರತಿಮೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಆದರೆ ಲ್ಯಾಂಬೆತ್‌ನ ಮೇಯರ್ ಹುದ್ದೆ ಗೌರವದ ಹುದ್ದೆ. ಆಡಳಿತ ನಡೆಸುವುದು ಕೌನ್ಸಿಲ್‌ನ ನಾಯಕ ಮತ್ತು ಅವರ ಸಂಪುಟ. ನಮ್ಮ ಲೆಸ್ಟರ್‌ನಲ್ಲಿ 1987ರಲ್ಲಿ ಗೋರ್ಧನ್ ಪರ್ಮಾರ್ ಮೊದಲ ಏಷ್ಯನ್ ಲಾರ್ಡ್ ಮೇಯರ್ ಆದರು. ಅದೂ ಅಂಥದ್ದೇ ಹುದ್ದೆ. ಮೇಯರ್ ಪದವಿಯ ಆ ಸರಪಣಿ ಕೊರಳಿಗೆ ಬಿದ್ದ ದಿನ ಬಾಡಿಗೆ ಮನೆಯ ಮಾಲೀಕನ ವರ್ತನೆ ಬದಲಾಗಲಿಲ್ಲ.

ಬ್ರಿಕ್ಸ್‌ಟನ್ ಬಡಾವಣೆ ಇರುವುದೂ ಲ್ಯಾಂಬೆತ್‌ನಲ್ಲೇ ಎಂಬುದನ್ನು ಮರೆಯಬೇಡಿ. 1981ರ ಏಪ್ರಿಲ್‌ನಲ್ಲಿ ಅಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ ನೂರಾರು ಯುವಕರನ್ನು, ಹೆಚ್ಚಾಗಿ ಕರಿಯರನ್ನು, ಬೀದಿಯಲ್ಲಿ ನಿಲ್ಲಿಸಿ ಜೇಬು ತಡಕಾಡಿದ ಮೇಲೆ ಗಲಭೆ ಹೊತ್ತಿಕೊಂಡಿತು. ಲಂಡನ್ ಪೊಲೀಸರು ಆಗ ಉತ್ತರ ಕೊಡಬೇಕಿದ್ದುದು ಗೃಹ ಸಚಿವರಿಗೆ, ಸ್ಥಳೀಯ ಕೌನ್ಸಿಲ್‌ಗೆ ಅಲ್ಲ. ದಾವಣಗೆರೆಯ ಸರ್ ಹೇಳಿದ 'ಪೊಲೀಸರಿದ್ದಾರೆ' ಎಂಬ ಮಾತಿಗೆ ಇದೇ ನನ್ನ ಉತ್ತರ: ಕೆಲವೊಮ್ಮೆ ದೂರು ಅವರ ಮೇಲೆಯೇ ಇರುತ್ತದೆ, ಆಗ ಊರಿನ ಚುನಾಯಿತ ಸಂಸ್ಥೆಗೆ ಕೇಳುವ ಅಧಿಕಾರವಾದರೂ ಬೇಕು.

ಮಳೆ ಊರು (ಸಿಯಾಟಲ್)

ಅಮೆರಿಕದ ಕಡೆಯಿಂದ ಒಂದು ಮಾತು. ನಾವು ಇಲ್ಲಿ ಮನೆ ಕೊಂಡಾಗ ಹಳೆಯ ಕ್ರಯಪತ್ರಗಳ ಕಟ್ಟಿನಲ್ಲಿ ಒಂದು ಷರತ್ತು ಕಣ್ಣಿಗೆ ಬಿತ್ತು. ನೀಗ್ರೋ ಅಥವಾ ಏಷ್ಯನ್ ಮೂಲದವರು ಈ ಜಾಗದಲ್ಲಿ ವಾಸಿಸುವಂತಿಲ್ಲ, ಮನೆಗೆಲಸದವರ ಹೊರತು. 1948ರಲ್ಲೇ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತ್ತು. ಆದರೂ ಕಾಗದದಲ್ಲಿ ಹಾಗೆಯೇ ಉಳಿದಿದೆ. ನಮ್ಮ ಯಜಮಾನರು ಅದನ್ನು ಓದಿ ಸುಮ್ಮನೆ ಮಡಚಿಟ್ಟರು. ನಾನು ಎರಡು ಸಲ ಓದಿದೆ.

ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ತಾರತಮ್ಯ ಮಾಡಬಾರದೆಂಬ ನಗರದ ಕಾನೂನನ್ನು 1964ರ ಮಾರ್ಚ್‌ನಲ್ಲಿ ಜನರ ಮತಕ್ಕೆ ಹಾಕಿದರು. ಎರಡಕ್ಕೆ ಒಂದಕ್ಕಿಂತ ದೊಡ್ಡ ಅಂತರದಲ್ಲಿ ಬಿದ್ದುಹೋಯಿತು. 1967ರಲ್ಲಿ ಸ್ಯಾಮ್ ಸ್ಮಿತ್ ಮೊದಲ ಕಪ್ಪು ಸದಸ್ಯರಾಗಿ ಕೌನ್ಸಿಲ್‌ಗೆ ಆಯ್ಕೆಯಾದರು. ಮರುವರ್ಷದ ಏಪ್ರಿಲ್‌ನಲ್ಲಿ ಕಿಂಗ್ ಹತ್ಯೆಯಾದ ಕೆಲವೇ ವಾರಗಳಲ್ಲಿ ಅದೇ ಕಾನೂನು ಅವಿರೋಧವಾಗಿ ಪಾಸಾಯಿತು. ಬಹುಮತಕ್ಕೆ ಬಿಟ್ಟರೆ ಅಲ್ಪಸಂಖ್ಯಾತರ ಮನೆಯ ಹಕ್ಕು ಏನಾಗುತ್ತದೆ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ.

2023ರ ಫೆಬ್ರವರಿಯಲ್ಲಿ ಇದೇ ಕೌನ್ಸಿಲ್ ಜಾತಿಯನ್ನೂ ತಾರತಮ್ಯದ ಪಟ್ಟಿಗೆ ಸೇರಿಸಿತು. ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ್ದು, 6-1 ಮತ. ಅಮೆರಿಕದಲ್ಲಿ ಹೀಗೆ ಮಾಡಿದ ಮೊದಲ ನಗರ.

ನೇರ ಮಾತು (ಸನ್ನಿವೇಲ್)

ಜಾತಿಯ ಕಾನೂನನ್ನು ಇಲ್ಲಿ ಎಳೆದು ತರಬೇಡಿ. ನಮ್ಮ ಮಕ್ಕಳಿಗೆ ತಮ್ಮ ಜಾತಿ ಯಾವುದೆಂದೇ ಗೊತ್ತಿಲ್ಲ. ಅಮೆರಿಕನ್ನರ ಕಣ್ಣಿನಲ್ಲಿ ಪ್ರತಿಯೊಬ್ಬ ಭಾರತೀಯನನ್ನೂ ಸಂಶಯಾಸ್ಪದನನ್ನಾಗಿ ಮಾಡುವ ಕೆಲಸ ಅದು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಪಾಲರು ಇಂಥದ್ದೇ ಮಸೂದೆಗೆ ತಡೆ ಹಾಕಿ ಸರಿಯಾದ ಕೆಲಸ ಮಾಡಿದರು.

ಮಳೆ ಊರು (ಸಿಯಾಟಲ್)

ಕಾನೂನಿನ ವ್ಯಾಖ್ಯೆಯಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ನಿಮ್ಮ ಮಕ್ಕಳಿಗೆ ಜಾತಿ ಗೊತ್ತಿಲ್ಲ, ಬಹಳ ಸಂತೋಷ. ನನ್ನ ಪರಿಚಯದ ಒಬ್ಬರ ಬೆನ್ನು ತಟ್ಟುವ ನೆಪದಲ್ಲಿ ಹೆಗಲಿನ ಮೇಲೆ ದಾರವಿದೆಯೇ ಎಂದು ನೋಡಿದವರು ಮಾತ್ರ ಮಕ್ಕಳಾಗಿರಲಿಲ್ಲ. ಲೆಸ್ಟರ್‌ನಲ್ಲಿ 2022ರಲ್ಲಿ ಕ್ರಿಕೆಟ್ ಪಂದ್ಯದ ನಂತರ ಹಿಂದೂ ಮತ್ತು ಮುಸ್ಲಿಂ ಯುವಕರು ಬೀದಿಗಿಳಿದರಲ್ಲ, 'ಏಷ್ಯನ್' ಎಂಬ ಒಂದೇ ಬುಟ್ಟಿಯಲ್ಲಿ ಎಲ್ಲರನ್ನೂ ಹಾಕಿ ನಿಶ್ಚಿಂತರಾದರೆ ಹೀಗೆಯೇ ಆಗುವುದು.

ಕಾಳಿ ಕಣಿವೆ (ಯಲ್ಲಾಪುರ ತಾಲ್ಲೂಕು, ಸದ್ಯ ಬೆಂಗಳೂರು)

ಇಷ್ಟು ದಿನ ಓದುತ್ತಿದ್ದೆ. ಈಗ ಬರೆಯಲೇಬೇಕೆನಿಸಿತು.

ನಾನು ಸಿದ್ದಿ ಸಮುದಾಯದವಳು. ಆಫ್ರಿಕಾದಿಂದ ಶತಮಾನಗಳ ಹಿಂದೆ ಗುಲಾಮರಾಗಿ ಬಂದವರ ಸಂತತಿ. ಉತ್ತರ ಕನ್ನಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದೇವೆ. ಬೆಂಗಳೂರಿನಲ್ಲಿ ಪಿಜಿ ಹುಡುಕಲು ಹೋದಾಗ ಮೊದಲ ಮಾಲೀಕರು ಪಾಸ್‌ಪೋರ್ಟ್ ಕೇಳಿದರು. ಆಧಾರ್ ಕಾರ್ಡ್ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ವೀಸಾ ಎಲ್ಲಿಯವರೆಗಿದೆ?' ಎಂದರು. 'ನಮ್ಮೂರು ಯಲ್ಲಾಪುರ ಸರ್, ಶಿರಸಿಯಿಂದ ಆಚೆ' ಎಂದೆ. ಅವರ ಹೆಂಡತಿ ಒಳಗಿನಿಂದ ಬಂದು, 'ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾಳೆ ನೋಡಿ' ಎಂದು ಮೆಚ್ಚಿಕೊಂಡರು. ಕೋಣೆ ಮಾತ್ರ ಖಾಲಿ ಇರಲಿಲ್ಲ. ಹೊರಗೆ 'ಕೋಣೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಲೇ ಇತ್ತು.

ಊರಿನಲ್ಲೂ ಎಲ್ಲ ಸರಿಯಿತ್ತೆಂದಲ್ಲ. ಅಲ್ಲಿ ಬದಲಾವಣೆ ತಂದದ್ದು ಕಾಗದ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಂಚಾಯಿತಿಯ ಮೀಸಲು ಸ್ಥಾನಗಳಿಗೆ ನಮ್ಮವರು ನಿಲ್ಲುವಂತಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅದು ಇನ್ನೂ ದೊಡ್ಡ ವ್ಯತ್ಯಾಸ ಮಾಡಿತು. ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವೆಂದು ಸಾಬೀತು ಮಾಡಬೇಕು. ನಮಗೆ ಆ ಹೊರೆ ತಪ್ಪಿತು. ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿ. ಅಲ್ಲಿ ಸಿದ್ದಿ ಹೆಂಗಸೊಬ್ಬಳು ಕುಳಿತಿದ್ದರೆ ಯಾವ ಗದ್ದೆ ಯಾರು ಉಳುತ್ತಿದ್ದರೆಂದು ಹೇಳಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು ಹೆಮ್ಮೆಯೇ. ಆದರೆ ನನ್ನ ಅಜ್ಜಿಯ ಬಾಯಲ್ಲಿ ಹೆಚ್ಚು ಬರುವುದು ಗ್ರಾಮಸಭೆಯ ಹೆಸರು.

ಪಂಚಾಯಿತಿಯಲ್ಲಿ ನನಗೆ ಬಾಗಿಲು ತಟ್ಟಲು ಜಾಗವಿದೆ. ಬೆಂಗಳೂರಿನಲ್ಲಿ ಯಾರ ಬಾಗಿಲು ತಟ್ಟಲಿ?

ಎಂಟನೇ ಅಡ್ಡರಸ್ತೆ (ಬೆಂಗಳೂರು)

ತಂಗಿ, ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಬಾಗಿಲೇ ಇರಲಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದರು.

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಯ ಸಂದೇಶಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದಾಗ ನಾನು ನಿಲ್ದಾಣದ ಹತ್ತಿರವೇ ಇದ್ದೆ. ಆಗ ವಾರ್ಡ್‌ಗೊಬ್ಬ ಸದಸ್ಯರಿದ್ದರು. ನನ್ನ ವಾರ್ಡಿನಲ್ಲಿ ಒಬ್ಬರೂ ಆ ಹುಡುಗರಿದ್ದ ಮನೆಗಳಿಗೆ ಹೋಗಿ 'ನಾವಿದ್ದೇವೆ' ಎನ್ನಲಿಲ್ಲ. ಅವರು ಇಲ್ಲಿನ ಮತದಾರರಲ್ಲ, ಅಷ್ಟೇ ಕಾರಣ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ಕಡೆ, ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡರು. ಕರಿಯರೆಲ್ಲ ಒಂದೇ ಎಂಬ ಲೆಕ್ಕ. ಬಂಧನಗಳಾದವು, ಹೇಳಿಕೆಗಳು ಬಂದವು. ಪಾಲಿಕೆಗೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಆದರೆ ಪಾಲಿಕೆಗೆ ಒಂದು ಹಿಡಿತ ಇದೆ. ಪಿಜಿ ನಡೆಸಲು ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಸಿಸಿಟಿವಿ, ಅಗ್ನಿ ಸುರಕ್ಷತೆ ಎಂದು ಷರತ್ತುಗಳನ್ನು ಹಾಕುತ್ತಾರೆ. 'ಜನಾಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಕೋಣೆ ನಿರಾಕರಿಸುವಂತಿಲ್ಲ' ಎಂಬ ಒಂದು ಸಾಲನ್ನು ಅದೇ ಪಟ್ಟಿಗೆ ಏಕೆ ಸೇರಿಸಬಾರದು?

ಕರಿ ಕೋಟು (ಧಾರವಾಡ)

ಸಂವಿಧಾನದ 15ನೇ ವಿಧಿಯಲ್ಲಿ ಜನಾಂಗ, ಹುಟ್ಟಿದ ಸ್ಥಳ ಎರಡೂ ಇವೆ. ಅದರ ಎರಡನೇ ಭಾಗ ಅಂಗಡಿ, ಹೋಟೆಲುಗಳ ಪ್ರವೇಶಕ್ಕೂ ಅನ್ವಯಿಸುತ್ತದೆ. ಪಿಜಿ ಹೋಟೆಲಿನ ವ್ಯಾಪ್ತಿಗೆ ಬರುತ್ತದೆಯೇ ಎಂದು ವಾದ ಮಾಡಬಹುದು. ಆದರೆ ಪರವಾನಗಿಯ ಷರತ್ತಾದರೆ ಆ ವಾದದ ಅಗತ್ಯವೇ ಬೀಳುವುದಿಲ್ಲ. ದಾವಣಗೆರೆಯವರಿಗೆ ಇನ್ನೊಂದು ಮಾತು: ನಗರ ಸಂಸ್ಥೆಗಳ ಕೆಲಸಗಳನ್ನು ಹೇಳುವ 12ನೇ ಅನುಸೂಚಿಯ 9ನೇ ಅಂಶ ದುರ್ಬಲ ವರ್ಗಗಳ ಹಿತರಕ್ಷಣೆ. ಚರಂಡಿಯ ಜೊತೆಗೆ ಅದೂ ಇದೆ.

ಈಶಾನ್ಯದವರ ಬಗ್ಗೆ 2014ರಲ್ಲಿ ವರದಿ ಕೊಟ್ಟ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ದಂಡಸಂಹಿತೆಯಲ್ಲೇ ಹೊಸ ಕಲಮುಗಳನ್ನು ಶಿಫಾರಸು ಮಾಡಿತ್ತು. ದೆಹಲಿಯಲ್ಲಿ ಹಲ್ಲೆಗೊಳಗಾದ ಅರುಣಾಚಲದ ನಿಡೋ ತಾನಿಯಾ ಎಂಬ ಹುಡುಗನ ಸಾವಿನ ನಂತರ ರಚನೆಯಾದ ಸಮಿತಿ ಅದು. ದೊಡ್ಡ ಕಾನೂನಿಗಾಗಿ ಕಾಯುವ ಬದಲು ಸಣ್ಣ ಷರತ್ತಿನಿಂದ ಶುರುಮಾಡುವುದು ಮೇಲು.

ಹಳೇ ಕಡತ (ದಾವಣಗೆರೆ)

ಈಗ ನನ್ನ ಭಾಷೆಯಲ್ಲಿ ಮಾತನಾಡುತ್ತಿದ್ದೀರಿ. ಷರತ್ತು ಸೇರಿಸುವುದು ಕಷ್ಟವಲ್ಲ, ಅದು ಕಾಗದದ ಮೇಲೆ ಸತ್ತು ಮಲಗುವುದನ್ನು ತಪ್ಪಿಸುವುದು ಕಷ್ಟ. ತಪಾಸಣೆಗೆ ಹೋಗುವ ಆರೋಗ್ಯ ನಿರೀಕ್ಷಕರ ನಮೂನೆಯಲ್ಲಿ ಕಾಲಂ ಇಲ್ಲದ ವಿಷಯವನ್ನು ಯಾರೂ ನೋಡುವುದಿಲ್ಲ. ಹೀಗೆ ಬರೆಯುತ್ತೇನೆ, ಬಲ್ಲವರು ತಿದ್ದಿ:

'ಜನಾಂಗ, ಮೈಬಣ್ಣ, ಹುಟ್ಟಿದ ಸ್ಥಳ, ಭಾಷೆ ಅಥವಾ ಜಾತಿಯ ಕಾರಣಕ್ಕೆ ವಸತಿ ನಿರಾಕರಿಸತಕ್ಕದ್ದಲ್ಲ. ವಸತಿ ಕೇಳಿ ಬಂದವರ ಹೆಸರು, ದಿನಾಂಕ, ನಿರಾಕರಿಸಿದಲ್ಲಿ ಕಾರಣ, ಇವುಗಳ ವಹಿಯನ್ನು ಇಟ್ಟು ತಪಾಸಣೆಯ ವೇಳೆ ಹಾಜರುಪಡಿಸತಕ್ಕದ್ದು. ದೂರು ಬಂದಲ್ಲಿ ಪರವಾನಗಿ ನವೀಕರಣಕ್ಕೆ ಮುನ್ನ ವಿಚಾರಣೆ ನಡೆಸತಕ್ಕದ್ದು.'

ವಹಿ ಇಲ್ಲದಿದ್ದರೆ ನಿಮ್ಮ ಹ್ಯಾಕ್ನಿಯ ಹಾಗೆ ಎಣಿಸಲು ಏನೂ ಸಿಗುವುದಿಲ್ಲ. ನವೀಕರಣದ ಮಾತು ಇಲ್ಲದಿದ್ದರೆ ಮಾಲೀಕ ಹೆದರುವುದಿಲ್ಲ.

ಹೇಮೆಯ ದಡ (ಲೆಸ್ಟರ್)

ಸರ್, ಇದನ್ನು ನಮ್ಮ ಅಭ್ಯರ್ಥಿಗಳ ಮುಂದೆಯೂ ಇಡುತ್ತೇನೆ. ಇಲ್ಲಿಯೂ ಹಲವು ಬಗೆಯ ಬಾಡಿಗೆ ಮನೆಗಳಿಗೆ ಕೌನ್ಸಿಲ್ ಪರವಾನಗಿ ಬೇಕು. ಜನಾಂಗೀಯ ಸಂಬಂಧಗಳ ಬಗೆಗಿನ ಬ್ರಿಟನ್ನಿನ 1976ರ ಕಾನೂನಿನ 71ನೇ ಕಲಮು ಕೌನ್ಸಿಲ್‌ಗಳ ಮೇಲೆ ಸಮಾನತೆಯ ಹೊಣೆ ಹಾಕಿತ್ತು. ಆದರೆ ಮಾಡದಿದ್ದರೆ ಏನು ಎಂಬುದಕ್ಕೆ ಅದರಲ್ಲಿ ಹಲ್ಲಿರಲಿಲ್ಲ. ಸ್ಟೀಫನ್ ಲಾರೆನ್ಸ್ ಎಂಬ ಕರಿಯ ಹುಡುಗನ ಕೊಲೆಯ ಪೊಲೀಸ್ ತನಿಖೆಯ ಬಗ್ಗೆ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂದ ಮೇಲೆಯೇ ತಿದ್ದುಪಡಿ ಮಾಡಿ ಜಾರಿಗೊಳಿಸಬಹುದಾದ ಕರ್ತವ್ಯವನ್ನಾಗಿಸಿದರು. ಲೆಸ್ಟರ್ ಬದಲಾದದ್ದಕ್ಕೆ ನನಗೆ ಸಿಕ್ಕ ಉತ್ತರವೂ ಸ್ವಲ್ಪ ಹೀಗೆಯೇ. 1976ರಲ್ಲಿ ವಲಸಿಗರನ್ನು ವಿರೋಧಿಸುವ ನ್ಯಾಷನಲ್ ಫ್ರಂಟ್ ಪಕ್ಷ ಇಲ್ಲಿನ ಕೌನ್ಸಿಲ್ ಚುನಾವಣೆಯಲ್ಲಿ ಶೇ 18ರಷ್ಟು ಮತ ಪಡೆದು ಹೆದರಿಸಿತು. ಇನ್ನೊಂದು ಕಡೆ ಏಷ್ಯನ್ನರು ಮತದಾರರ ಪಟ್ಟಿಗೆ ಸೇರಿ, ಕೌನ್ಸಿಲರ್‌ಗಳಾಗಿ ವಸತಿ ಸಮಿತಿಯ ಒಳಗೇ ಕುಳಿತರು. ದೀಪ ಬಂದದ್ದು ಅದರ ನಂತರ.

ಕಾಳಿ ಕಣಿವೆ (ಸದ್ಯ ಬೆಂಗಳೂರು)

ಅಜ್ಜಾ, ನಿಮ್ಮ ಮೊದಲ ಸಾಲಿಗೆ 'ಆಹಾರ ಪದ್ಧತಿ' ಸೇರಿಸಿ. ನೇರವಾಗಿ ಬಣ್ಣದ ಮಾತು ಎತ್ತುವವರು ಕಡಿಮೆ. 'ನೀವು ಏನು ತಿನ್ನುತ್ತೀರಿ?' ಎಂಬುದರಿಂದಲೇ ಶುರುಮಾಡುತ್ತಾರೆ. ನಾಗಾಲ್ಯಾಂಡಿನ ನನ್ನ ಗೆಳತಿಗೂ ಅದೇ ಪ್ರಶ್ನೆ.

ಹಳೇ ಕಡತ (ದಾವಣಗೆರೆ)

ಅದನ್ನು ಸೇರಿಸಿದರೆ ನಮ್ಮ ಓಣಿಯ ಪಿಜಿಯವರೇ ಮೊದಲು ಜಗಳಕ್ಕೆ ಬರುತ್ತಾರಮ್ಮ. ನನ್ನ ಮನೆಯ ಮೇಲ್ಮಹಡಿಯ ಬಾಡಿಗೆಗೂ ನಾವು ಅದನ್ನೇ ಕೇಳುತ್ತೇವೆ. ಆದರೂ ಸೇರಿಸಿದ್ದೇನೆ, ಆವರಣದಲ್ಲಿ. ತೆಗೆಯಬೇಕೆನ್ನುವವರು ಕಾರಣ ಬರೆಯಲಿ.